ಮೋತಿಗಾಗಿ ಬೇಡಿದ್ದು

ಕಳೆದ ಶ್ರಾವಣದಲ್ಲಿ ಒಂದು ಮಂಗಳವಾರ ಬೆಳಿಗ್ಗೆ ನಮ್ಮ ಮನೆಯ ನಾಯಿ ಮೋತಿ ನಾಲ್ಕು ಸಲ ವಾಂತಿ ಮಾಡಿಕೊಂಡು ನೆಲಕ್ಕೆ ಬಿತ್ತು. ನಾಯಿಯ ಸಂಗತಿಯನ್ನು ಭಕ್ತರು ಓದುವ ಪತ್ರಿಕೆಗೆ ಬರೆಯುವುದೇ ಎಂದು ಯಾರಾದರೂ ಕೇಳಬಹುದು. ಪೂರ್ತಿ ಓದಿ, ಆಮೇಲೆ ಕೇಳಿ.

ನಾನು ಬಸವಕಲ್ಯಾಣದವಳು, ನರ್ಸ್ ಆಗಿದ್ದು ನಿವೃತ್ತಳಾದವಳು. ಏಳುವುದು, ಸ್ನಾನ, ಇಷ್ಟಲಿಂಗ ಪೂಜೆ, ಅಡುಗೆ, ಎಲ್ಲವೂ ಗಡಿಯಾರದ ಪ್ರಕಾರ ನಡೆಯಬೇಕು. ಆ ಶ್ರಾವಣಕ್ಕೆ ಹಿಂದಿನ ಚಳಿಗಾಲ ನಮ್ಮ ಯಜಮಾನರಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ಮಾತು ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ದಿನವೂ ಪೂಜೆಯಲ್ಲಿ ಅದೊಂದನ್ನೇ ಬೇಡಿದೆ. ಬರಬರುತ್ತ ಬೇಡುವುದೂ ಒಂದು ಕೆಲಸವಾಯಿತು. ಮಾತ್ರೆ ಕೊಟ್ಟ ಹಾಗೆ, ಹಾಸಿಗೆ ಒಗೆದ ಹಾಗೆ.

ಮೋತಿ ಮಿನಿ ಹಸ್ಕಿ ಎಂಬ ಜಾತಿಯದು. ತೋಳದ ಮುಖ, ನೀಲಿ ಕಣ್ಣು, ಎತ್ತರ ಮಾತ್ರ ಮೊಣಕಾಲಿನಷ್ಟು. ಮಗ ಹೈದರಾಬಾದಿನಿಂದ ತಂದಾಗ, ನಮ್ಮ ಬಿಸಿಲಿಗೆ ಈ ಕಂಬಳಿ ನಾಯಿ ಯಾಕೆ ಎಂದು ಬೈದಿದ್ದೆ. ಬೇಸಿಗೆಯಿಡೀ ಅದು ಕೂಲರ್ ಮುಂದೆ ಯಜಮಾನರ ಕಾಲ ಬಳಿಯೇ ಬಿದ್ದಿರುತ್ತಿತ್ತು. ಕೈಗೆ ವ್ಯಾಯಾಮ ಕೊಡಿ ಎಂದರೆ ಗೋಡೆಯ ಕಡೆ ತಿರುಗುತ್ತಿದ್ದ ಮನುಷ್ಯ, ಮೋತಿಯ ಹಗ್ಗ ಹಿಡಿಸಿದರೆ ಆ ಬಿದ್ದ ಕೈಯ ಬೆರಳು ಮಡಚುತ್ತಿದ್ದರು. ಅದು ಎಳೆದರೆ ಎದ್ದು ಹೆಜ್ಜೆ ಹಾಕುತ್ತಿದ್ದರು. ಮೋತಿ ಬಿದ್ದ ದಿನ ಅವರು ಗಂಜಿಗೂ ಬಾಯಿ ತೆರೆಯಲಿಲ್ಲ. ಅದು ಹೋದರೆ ಇವರೂ ಉಳಿಯುವುದಿಲ್ಲ ಎಂದು ನನಗೆ ಅನ್ನಿಸಿತು.

ಊರಿನಲ್ಲಿ ಕೊಟ್ಟ ಔಷಧದಿಂದ ಏನೂ ಆಗಲಿಲ್ಲ. ಹುಮನಾಬಾದಿನಲ್ಲಿ ಒಬ್ಬರು ಒಳ್ಳೆಯ ಪಶುವೈದ್ಯರಿದ್ದಾರೆ ಎಂದು ತಿಳಿಯಿತು. ಮಗ ಊರಲ್ಲಿರಲಿಲ್ಲ. ಬುಧವಾರ ಪೂಜೆಗೆ ಕುಳಿತಾಗ ಯಜಮಾನರ ಮಾತನ್ನು ಬೇಡಲಿಲ್ಲ. ಅಷ್ಟೂ ಶಕ್ತಿ ಇರಲಿಲ್ಲ. ತಂದೆ, ಇದೊಂದು ಜೀವ ಉಳಿಸಿಕೊಡು, ಮಿಕ್ಕದ್ದು ನಿನಗೆ ಬಿಟ್ಟದ್ದು ಎಂದಷ್ಟೇ ಹೇಳಿ ಎದ್ದೆ.

ಮೋತಿಯನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟುಕೊಂಡು ಬಸ್ ಹತ್ತಿದೆ. ಕಂಡಕ್ಟರ್ ದುಪ್ಪಟಿ ಸರಿಸಿ ನೋಡಿದ.

"ಯಕ್ಕಾ, ಇದು ನಾಯಿನೋ ನರಿನೋ? ಕಡೀತದೇನು?"

"ಕಡ್ಯಾಕ ತಾಕತ್ ಎಲ್ಲದಪ್ಪ" ಎಂದೆ. ಅವನು ಹಿಂದಿನ ಸೀಟು ತೋರಿಸಿದ.

ವೈದ್ಯರು ಪರೀಕ್ಷೆ ಮಾಡಿ, ಕಿಡ್ನಿಗೆ ಪೆಟ್ಟು ಬಿದ್ದ ಹಾಗಿದೆ, ಮೂತ್ರ ನಿಂತಿದೆ, ಏನು ತಿಂದಿತ್ತು ಎಂದರು. ಬೆಳಿಗ್ಗೆ ಇಷ್ಟು ಅನ್ನ, ಸಂಜೆ ಇಷ್ಟು ರೊಟ್ಟಿ, ನನ್ನ ಕೈಯಿಂದ ಬಿಟ್ಟರೆ ಬೇರೇನೂ ಇಲ್ಲ ಎಂದು ಖಚಿತವಾಗಿ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. ಕಾರಣ ತಿಳಿಯದೆ ಕತ್ತಲಲ್ಲಿ ತಡಕಾಡಿದಂತೆ ಆಗುತ್ತದೆ, ಮನೆಗೆ ಒಮ್ಮೆ ಫೋನ್ ಹಚ್ಚಿ ಕೇಳಿ ಎಂದರು.

ಸೊಸೆ ಸುನೀತಾ ಯಜಮಾನರು ಕುಳಿತಿದ್ದ ಪಡಸಾಲೆಯಲ್ಲಿ ನಿಂತು ಫೋನ್ ಎತ್ತಿದಳು. ನನ್ನ ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತೆ ತಿರುಗಿ ಹೇಳಿ, ಏನೂ ಇಲ್ಲ, ನೀವು ಹಾಕಿದ್ದೇ ಎಂದಳು. ಮೋತಿಯನ್ನು ವಿಚಾರಿಸಲು ಬಂದಿದ್ದ ಪಕ್ಕದ ಮನೆಯಾಕೆಯೂ ಹಾಗೇ ಅಂದಳು. ಅಷ್ಟರಲ್ಲಿ ಫೋನಿನ ಹಿಂದೆ, ಬಾಗಿಲು ನೆಲಕ್ಕೆ ಉಜ್ಜಿದಂಥ ಒಂದು ದನಿ.

"ಮ... ಮನೂಕಿ."

ಮತ್ತೆ ಅದೇ ದನಿ, ಈ ಸಲ ಸ್ಪಷ್ಟವಾಗಿ, "ಮನೂಕಿ."

"ಅತ್ತೀ," ಸುನೀತಾ ಕೂಗಿದಳು, "ಮಾವ ಅಂದ್ರು. ಮಾವ ಮಾತಾಡ್ಯಾರ್ರಿ."

ಫೋನ್ ಕಿವಿಗೆ ಇಟ್ಟುಕೊಂಡೇ ವೈದ್ಯರಿಗೆ ಮನೂಕಿ ಎಂದೆ. ಮನೂಕಿ ಎಂದರೆ ಒಣದ್ರಾಕ್ಷಿ. ಶ್ರಾವಣ ಸೋಮವಾರ ನಮ್ಮಲ್ಲಿ ಭಜನೆ; ಸಕ್ಕರೆ, ಮನೂಕಿ ಪ್ರಸಾದ. ಬೀಳುವ ಹಿಂದಿನ ದಿನ ಮೋತಿ ಅಲ್ಲಿ ಮುಂಗಾಲೆತ್ತಿ ಕುಳಿತಿತ್ತು. ಪ್ರಸಾದಕ್ಕೆ ಕೈಯೊಡ್ಡಿದವರಿಗೆ ಇಲ್ಲ ಅನ್ನಬಾರದು ಎಂದು ಬಂದ ತಾಯಂದಿರೆಲ್ಲ ತಮ್ಮ ಪಾಲಿನದನ್ನು ಅದರ ಬಾಯಿಗೆ ಹಾಕಿದ್ದರು. ಏನು ತಿಂದಿತು ಎಂದು ಕೇಳಿದರೆ ಯಾರಿಗೂ ಅದು ನೆನಪಾಗದು. ಪ್ರಸಾದವನ್ನು ಊಟದ ಲೆಕ್ಕಕ್ಕೆ ಹಿಡಿಯುವವರು ಯಾರು? ಕುರ್ಚಿಯಲ್ಲಿ ಕುಳಿತ ಯಜಮಾನರು ಮಾತ್ರ ಎಲ್ಲವನ್ನೂ ನೋಡಿದ್ದರು.

"ನಾಯಿಗಿ ಅದು ವಿಷ ಇದ್ದಂಗ್ರಿ" ಎಂದ ವೈದ್ಯರು ಆಗಲೇ ಸಲೈನ್ ಹಚ್ಚಿದರು.

ಆಮೇಲೆ ದಿನವೂ ಹುಮನಾಬಾದಿಗೆ ಬಸ್, ಸಂಜೆಯವರೆಗೆ ಸಲೈನ್, ಮತ್ತೆ ಬಸ್. ನನ್ನ ಕಾಲು ಬಾತುಕೊಂಡವು. ಶನಿವಾರ ಮರಳುವಾಗ ಬಸ್ಸಿನಲ್ಲಿ ಮೋತಿ ನನ್ನ ಸೀರೆಯ ತುಂಬ ಮೂತ್ರ ಮಾಡಿತು. ಅದಕ್ಕೆ ಸಂತೋಷಪಡುವವರು ನರ್ಸುಗಳು ಮಾತ್ರ. ಅದೇ ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಯಕ್ಕಾ, ನಿಮ್ಮ ನರಿ ಗುಣ ಆತು ಬಿಡ್ರಿ" ಎಂದ.

ಲಕ್ವಾ ಆದವರಿಗೆ ಒಮ್ಮೊಮ್ಮೆ ಹೀಗೆ ಒಂದೊಂದೇ ಮಾತು ಮರಳುತ್ತದೆ ಎಂಬುದು ನನ್ನ ವೃತ್ತಿಯಿಂದ ನನಗೆ ಗೊತ್ತು. ಆದರೆ ನಾನು ಬೇಡುವುದನ್ನು ಬಿಟ್ಟ ದಿನವೇ, ಬೇಕಾದ ಅದೊಂದೇ ಮಾತು ಯಾಕೆ ಬಂತು? ಕೊಡುವವನಿಗೆ ನಾನು ನೆನಪಿಸಬೇಕಾಗಿರಲಿಲ್ಲ. ಇಷ್ಟು ನನ್ನ ನಂಬಿಕೆ. ಬೇಡಿ ಬೇಡಿ ದಣಿದವರು ನಿಮ್ಮಲ್ಲಿ ಇದ್ದರೆ, ಅವರಿಗಾಗಿಯೇ ಇದನ್ನು ಬರೆದೆ. ನಾಯಿ ಸಾಕಿದ ತಾಯಂದಿರು ಪ್ರಸಾದದ ಮನೂಕಿಯನ್ನು ಅದಕ್ಕೆ ಕೊಡಬೇಡಿ. ರೊಟ್ಟಿ ಚೂರು ಕೊಡಿ, ದೇವರು ಸಿಟ್ಟಾಗುವುದಿಲ್ಲ.

ನನ್ನ ದಣಿವು ಹೋಗಿಲ್ಲ. ಎತ್ತುವುದು, ಒರೆಸುವುದು, ಉಣಿಸುವುದು ಇದ್ದೇ ಇದೆ. ನಿನ್ನೆ ಯಜಮಾನರು ಕಪ್ಪನ್ನು ಎಡಗೈಯಿಂದ ದೂಡಿ, "ಚಾ ಆರ್ಯದ" ಎಂದು ಗದರಿದರು. ಒಳಗೆ ಹೋಗಿ ಮತ್ತೆ ಕಾಯಿಸಲಿಟ್ಟೆ. ಅದು ಕುದಿಯುವವರೆಗೂ ಒಲೆಯ ಮುಂದೆ ಕೈಮುಗಿದು ನಿಂತಿದ್ದೆ.