ಜಗಲಿ ಹತ್ತಿದ ಕ್ಲಾರಿಯೋನೆಟ್

ಹುಸೇನ್ ಸಾಬರು ಕ್ಲಾರಿಯೋನೆಟ್ ನುಡಿಸಲು ತೊಡಗಿದರೆ ಜನ ನಡೆಯುವುದನ್ನು ನಿಲ್ಲಿಸಿಬಿಡುತ್ತಿದ್ದರು. ಹೊಗಳಿಕೆಗೆಂದು ಹೇಳುತ್ತಿಲ್ಲ. ಮದುವೆ ಮೆರವಣಿಗೆಯ ಮುಂದೆ ನಡೆದು ಹೊಟ್ಟೆ ಹೊರೆಯುವ ಮನುಷ್ಯನಿಗೆ ಇದು ದೋಷವೇ.

ಚಾಮರಾಜನಗರದಲ್ಲಿ ಅವರಿಗೆ ಎರಡು ಕಸುಬು. ಮದುವೆಗಾಲದಲ್ಲಿ ಬ್ಯಾಂಡ್ ಸೆಟ್, ಉಳಿದಂತೆ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ. ಕಲಾಯಿ ತಂದೆಯಿಂದ ಬಂದದ್ದು. ಕ್ಲಾರಿಯೋನೆಟ್ಟನ್ನು ಮಿಲಿಟರಿ ಬ್ಯಾಂಡಿನಿಂದ ನಿವೃತ್ತನಾಗಿ ಬಂದ ಒಬ್ಬ ಮುದುಕನಿಂದ ಕಲಿತರು. ಗುರುದಕ್ಷಿಣೆಯಾಗಿ ಮುದುಕನ ಮನೆಯ ಪಾತ್ರೆಗಳು ಒಂದೂ ಕಪ್ಪಾಗದಂತೆ ನೋಡಿಕೊಂಡರು.

ನಾನು ಹುಸೇನರ ಅಭಿಮಾನಿಯಾದದ್ದು ಯುದ್ಧದಿಂದಾಗಿ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಕಾಲದಲ್ಲಿ. ಬ್ಯಾಂಡಿನವರಿಗೆ ಬಸ್ಸಿನ ನೆತ್ತಿಯ ಮೇಲೆ, ಗಂಟುಮೂಟೆಗಳ ನಡುವೆ ಜಾಗ. ಒಂದು ದಿನ ಹುಸೇನರು ಮೇಲೆ ಕೂತು ನುಡಿಸುತ್ತ ಹೋದರು. ತೆರಕಣಾಂಬಿಯಲ್ಲಿ ಇಳಿಯಬೇಕಾದವರು ಇಳಿಯಲೇ ಇಲ್ಲ. ಗುಂಡ್ಲುಪೇಟೆಯಲ್ಲಿ ಇಳಿದು, ಬಸ್ಸು ನಿಲ್ಲಿಸಲಿಲ್ಲವೆಂದು ಕಂಡಕ್ಟರನ ಮೇಲೆಯೇ ಜಗಳ ತೆಗೆದರು. ಹಾಗೆ ಜಗಳ ತೆಗೆದವರಲ್ಲಿ ನಮ್ಮಪ್ಪ ಚಿಕ್ಕಮಲ್ಲಪ್ಪನವರೂ ಇದ್ದರು.

ಹುಸೇನರನ್ನು ನೋಡುವುದೇ ಒಂದು ಸಂಭ್ರಮ. ಕೆಂಪು ಕೋಟು, ಭುಜಕ್ಕೆ ಹಳದಿ ಪಟ್ಟಿ, ಮೋಡ ಕವಿದಾಗಲೂ ತೆಗೆಯದ ಕಪ್ಪು ಕನ್ನಡಕ. ಹಾಡಿನ ನಡುವೆ ತಟ್ಟನೆ ಬೀದಿಯಲ್ಲಿ ಮಂಡಿಯೂರಿ, ಹಿಂದಕ್ಕೆ ಬಾಗಿ, ವಾದ್ಯದ ಬಾಯನ್ನು ಆಕಾಶಕ್ಕೆತ್ತಿ ಒಂದೇ ಸ್ವರವನ್ನು ಹಿಡಿದುಬಿಡುತ್ತಿದ್ದರು. ಅದು ಮುಗಿಯುವ ತನಕ ನಾವು ಹುಡುಗರೂ ಉಸಿರು ಕಟ್ಟಿ ನಿಲ್ಲುವ ಪಂದ್ಯ ಕಟ್ಟುತ್ತಿದ್ದೆವು. ಯಾರೂ ಗೆದ್ದದ್ದಿಲ್ಲ.

ಅಭಿಮಾನಿಯಾದರೂ ಕಂಡದ್ದನ್ನು ಹೇಳಬೇಕು. ಅವರ ಕೆಳಗಿನ ಸ್ವರಗಳು ಪೇಲವ. ಬಿಸಿಲೇರಿದಂತೆ ಶ್ರುತಿಯೂ ಏರುತ್ತಿತ್ತು. ನಾನು ಬಿ.ಎಸ್ಸಿ. ಮುಗಿಸಿ ಗುಂಡ್ಲುಪೇಟೆಯಲ್ಲಿ ಮೇಷ್ಟ್ರಾದ ಮೇಲೆ, ಕೊಳವೆಯೊಳಗಿನ ಗಾಳಿ ಕಾಯುವುದೇ ಇದಕ್ಕೆ ಕಾರಣವೆಂದು ಅವರಿಗೆ ವಿವರಿಸಿದೆ.

“ಅಂಗಾದ್ರೆ ತಪ್ಪು ನಂದಲ್ಲ, ಸೂರ್ಯಂದು ಅನ್ನಿ ಮೇಷ್ಟ್ರೇ,” ಎಂದು ಅವರು ನೆಮ್ಮದಿಯಿಂದ ಬೀಡಿ ಹಚ್ಚಿದರು.

ಆ ನೆಮ್ಮದಿ ಕೆಟ್ಟದ್ದು ಐವತ್ತೈದನೇ ಇಸವಿಯಲ್ಲಿ, ಹರವೆ ಎಂಬ ಊರಿನ ಒಂದು ಮದುವೆಯಲ್ಲಿ. ಅರಿಸಿನದ ವ್ಯಾಪಾರಿ ವೃಷಭೇಂದ್ರಪ್ಪನವರ ಮಗಳ ಮದುವೆ ಅದು. ಮದುವೆಗಂಡು ಹೂವಿನಿಂದ ಅಲಂಕರಿಸಿದ ಕಾರಿನಲ್ಲಿ ಕೂತಿದ್ದ. ಮುಂದೆ ಬ್ಯಾಂಡು, ಹಿಂದೆ ಕಾರು. ಬಾವಿಯ ತಿರುವಿನಲ್ಲಿ ಹುಸೇನರು ಒಂದು ಹಾಡು ಎತ್ತಿಕೊಂಡು ಮಂಡಿಯೂರಿದರು. ಜನ ಸುತ್ತ ಮುತ್ತಿಕೊಂಡರು. ಸದ್ದಿಗೆ ಹಾಡು ಸರಿಯಾಗಿ ಕೇಳುತ್ತಿಲ್ಲವೆಂದು ಡ್ರೈವರ್ ಎಂಜಿನ್ ಆರಿಸಿದ. ಹೊರಡುವ ಹೊತ್ತಿಗೆ ಅದು ಮತ್ತೆ ಹತ್ತಲಿಲ್ಲ. ವೃಷಭೇಂದ್ರಪ್ಪನವರು ಚಪ್ಪರದಿಂದ ಓಡಿಬಂದು, “ನಿಲ್ಸಲಾ ನಿನ್ನ ಪೀಪೀನ!” ಎಂದು ಕೂಗಿ ಹಾಡನ್ನು ಅರ್ಧಕ್ಕೆ ನಿಲ್ಲಿಸಿದರು. ಕಾರನ್ನು ತಳ್ಳಿಕೊಂಡು ಚಪ್ಪರ ತಲುಪುವಷ್ಟರಲ್ಲಿ ಮುಹೂರ್ತ ಮೀರಿತ್ತು. ಅಯ್ನೋರು ಪಂಚಾಂಗ ತಿರುವಿ ಮಧ್ಯಾಹ್ನಕ್ಕೆ ಇನ್ನೊಂದು ಗಳಿಗೆ ಹುಡುಕಿದರು. ಧಾರೆಯೇನೋ ಆಯಿತು, ಅನ್ನ ಮಾತ್ರ ಆರಿತ್ತು.

“ಉಸೇನ್ ಸಾಬಿ ವಾದ್ಯ ಕಾಲ್ ಕಟ್ತದ ಕಣ್ಲಾ,” ಎಂಬ ಮಾತು ಸಂತೆಯಿಂದ ಸಂತೆಗೆ ಹಬ್ಬಿತು. ಮುಂದಿನ ವರ್ಷ ಅವರನ್ನು ಒಬ್ಬರೂ ಮದುವೆಗೆ ಕರೆಯಲಿಲ್ಲ.

ಐವತ್ತೇಳರಲ್ಲಿ ನನ್ನ ತಂಗಿ ಗಂಗಾಂಬಿಕೆಯ ಮದುವೆ ಗೊತ್ತಾಯಿತು. ನಾನು ಹುಸೇನರ ಮನೆಗೆ ಹೋದೆ. ಅವರ ಹೆಂಡತಿ ಹಫೀಜಾ ಬಾಗಿಲಲ್ಲೇ ನನ್ನ ಕೈ ನೋಡಿದರು.

“ಪಾತ್ರೆ ಎಲ್ಲಿ ಮೇಷ್ಟ್ರೇ?”

“ಪಾತ್ರೆ ತಂದಿಲ್ಲಮ್ಮ. ತಂಗಿ ಮದುವೆ. ಸಾಬರು ನುಡಿಸಬೇಕು.”

“ಇವ್ರ್‌ನ ಕರೀತೀರಾ? ನಿಮ್ ತಂಗಿ ಚಪ್ಪರದಾಗೇ ಮುದ್ಕಿ ಆಗ್ತಾಳೆ, ನೋಡ್ಕಳಿ.”

ಒಳಗಿನಿಂದ ಹುಸೇನರ ದನಿ ಬಂತು: “ಕೇಳುದ್ರಾ ಮೇಷ್ಟ್ರೇ? ಹೊರಗಿನೋರು ಆಡ್ಕಳದು ಸಾಲ್ದು ಅಂತ ಮನೆಯಾಗೂ ಪ್ರಚಾರ.”

ಕ್ಲಾರಿಯೋನೆಟ್ಟನ್ನು ಹಳೆಯ ಶಾಲಿನಲ್ಲಿ ಸುತ್ತಿ ಗೂಡಿನಲ್ಲಿ ಇಟ್ಟಿದ್ದರು. ಮೈಸೂರಿನ ಬ್ಯಾಂಡ್ ಮಾಸ್ತರನೊಬ್ಬ ಅದನ್ನು ಕೊಳ್ಳುತ್ತೇನೆಂದು ಕೇಳಿ ಹೋಗಿದ್ದ. ಉಗಾದಿ ಕಳೆದ ಮೇಲೆ ಬಂದು ಒಯ್ಯುವವನಿದ್ದ. ಮದುವೆ ಉಗಾದಿಗೆ ಮುಂಚೆ. “ಇದೊಂದು ಸರಿಹೋದ್ರೆ ಮಾರಲ್ಲ. ಇಲ್ದಿದ್ರೆ ಕೋಟು ನಿಮ್ಗೇ ಕೊಡ್ತೀನಿ, ಸ್ಕೂಲಿಗೆ ಹಾಕ್ಕಂಡು ಹೋಗಿ,” ಎಂದು ಹುಸೇನರು ನಕ್ಕರು. ಕಪ್ಪು ಕನ್ನಡಕ ಹಾಕಿರಲಿಲ್ಲ. ಆ ನಗು ಕಣ್ಣಿನ ತನಕ ಹೋಗಲಿಲ್ಲ ಎಂಬುದು ಕಂಡಿತು.

ಉಡಿಗಾಲದ ನಮ್ಮ ಮನೆಯಲ್ಲಿ ಅಪ್ಪ ಅಡ್ಡಡ್ಡ ತಲೆಯಾಡಿಸಿಬಿಟ್ಟರು. “ಆಗದಿಲ್ಲ ಕಣ್ಲಾ ನೀಲ್ಕಂಠ. ವೃಷಭೇಂದ್ರಪ್ಪ ಗಂಡಿನ ಸೋದರಮಾವ. ಅವ್ರ ಮುಂದ ಉಸೇನ್ನ ಮೆರವಣ್ಗೇಲಿ ನಿಲ್ಸುದ್ರ ಧಾರೆ ಆಗದಿಲ್ಲ, ಜಗಳ ಆಯ್ತದ.”

ಆಗ ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಅಜ್ಜಿ ಪುಟ್ಟಬಸಮ್ಮ ಬಾಯಿ ಹಾಕಿದರು. “ಮೆರವಣ್ಗೇಲಿ ಯಾಕ್ಲಾ ನಿಲ್ಸ್ತೀಯ? ನಂಗ ಮಂಡಿನೋವು, ಹಿಂದಿಂದ ನಡಿಯಾಕಾಗದಿಲ್ಲ. ಊರೆಲ್ಲ ಊದ್ಕಂಡು ನಮ್ಮಟ್ಟಿ ಬಾಗ್ಲಿಗ ಬರೊತ್ಗ ಅಂವ ಸುಸ್ತಾಗ್ಬುಡ್ತನ. ಇಲ್ಲೇ ಜಗಲಿ ಮ್ಯಾಲ ಕೂರ್ಸು. ನಾನು ಕೇಳ್ಬೇಕು.”

“ಗಂಡಿನೋರ್ನ ಎದುರುಗೊಳ್ಳದು ಯಾರವ್ವ?”

“ಓಲಗದೋರು ಓಗ್ಲಿ ಬುಡು. ಅವ್ರು ಊದುದ್ರ ಯಾರೂ ನಿಲ್ಲದಿಲ್ಲ.”

ಅಪ್ಪ ಯೋಚಿಸಿದರು. ಮೆರವಣಿಗೆಯಲ್ಲೇ ಇಲ್ಲದವನು ಮೆರವಣಿಗೆ ನಿಲ್ಲಿಸಿದನೆಂದು ಯಾರೂ ದೂರುವಂತಿಲ್ಲ. ಒಪ್ಪಿಕೊಂಡರು. ಬಸ್ಸಿನ ದಿನವನ್ನು ಅವರೂ ಮರೆತಿರಲಿಲ್ಲ.

ಮದುವೆಯ ಬೆಳಿಗ್ಗೆ ಗಂಡಿನ ಕಡೆಯವರು ಊರಂಚಿನ ಮಠದಲ್ಲಿ ಇಳಿದು ಉಪ್ಪಿಟ್ಟು ತಿನ್ನುತ್ತಿದ್ದರು. ಅವರ ಉಪಚಾರಕ್ಕೆ ನಾನಿದ್ದೆ. ಗಾಳಿ ನಮ್ಮ ಮನೆಯಿಂದ ಮಠದ ಕಡೆಗೆ ಬೀಸುತ್ತಿರುವುದನ್ನು ಮೊದಲೇ ನೋಡಿಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಆ ಗಾಳಿಯ ಜೊತೆಗೆ ಹುಸೇನರ ಮೇಲಿನ ಸ್ವರವೊಂದು ತೇಲಿ ಬಂತು. ವೃಷಭೇಂದ್ರಪ್ಪನವರ ಕೈ ತಟ್ಟೆಯಲ್ಲೇ ನಿಂತಿತು.

“ಯಾರ್ಲಾ ಅದು ಊದ್ತಿರದು?”

“ಯಾರೋ ಕಾಣೆ ಮಾವ. ನಮ್ಮಟ್ಟಿ ಕಡೆಯಿಂದ ಬತ್ತಾ ಅದ.”

ಅವರು ಇನ್ನೊಂದು ತುತ್ತು ತಿಂದರು. ಕಿವಿ ಮಾತ್ರ ಬಾಗಿಲ ಕಡೆಗಿತ್ತು. ಆಮೇಲೆ ಜೇಬಿನ ಗಡಿಯಾರ ತೆಗೆದರು. ಅದನ್ನು ನೋಡದೆಯೇ, “ಒತ್ತಾಯ್ತು, ಓಗನ ನಡೀರಿ!” ಎಂದರು.

ಓಲಗದವರು ಎಂದಿನ ಹೆಜ್ಜೆಯಲ್ಲಿ ಹೊರಟರು. ಮೊದಲ ತಿರುವಿನಲ್ಲೇ ಹೆಂಗಸರು ಅವರನ್ನು ದಾಟಿದರು, ಎರಡನೆಯದರಲ್ಲಿ ಕಳಸ ಹೊತ್ತವರೂ ದಾಟಿದರು. ಡೋಲಿನವನು ಬಗಲಲ್ಲಿ ಡೋಲು ಅವುಚಿಕೊಂಡು ಓಡತೊಡಗಿದ. ನನಗೆ ಆಗ ಹೊಳೆಯಿತು: ನಡೆಯುವ ವಾದ್ಯವನ್ನು ಹತ್ತಿರದಿಂದ ಕೇಳಬೇಕಾದರೆ ಅದನ್ನು ನಿಲ್ಲಿಸಬೇಕು, ಕೂತ ವಾದ್ಯವನ್ನು ಕೇಳಬೇಕಾದರೆ ನಾವು ನಡೆಯಬೇಕು. ದೋಷ ಹುಸೇನರಲ್ಲಿರಲಿಲ್ಲ, ನಾವು ಅವರನ್ನು ಇಟ್ಟಿದ್ದ ಜಾಗದಲ್ಲಿತ್ತು.

ಮೆರವಣಿಗೆ ಹೊತ್ತಿಗೆ ಮುಂಚೆಯೇ ಬಂದಾಗ ನಮ್ಮ ಬಾಗಿಲಲ್ಲಿ ಆರತಿ ತಟ್ಟೆಯೂ ಇರಲಿಲ್ಲ. ಒಳಗೆ ಗಂಗಾಂಬಿಕೆಯ ಜಡೆ ಇನ್ನೂ ಅರ್ಧ ಹೆಣೆದಿತ್ತು. ಅಮ್ಮ ಅವಸರದಲ್ಲಿ ತಟ್ಟೆ ಹಿಡಿದು ಬಂದು ಸುತ್ತ ನೋಡಿ ಕೇಳಿದರು: “ಗಂಡೆಲ್ಲಿ?”

ಗಂಡು ಇರಲಿಲ್ಲ. ಅವನನ್ನು ಕಮಾನು ಗಾಡಿಯಲ್ಲಿ ಕೂರಿಸಿದ್ದರು. ಗಾಡಿ ಹೊಡೆಯಬೇಕಾದವನು ಅದನ್ನು ಮಠದ ಹತ್ತಿರವೇ ಬಿಟ್ಟು ಬಂದು ನಮ್ಮ ಜಗಲಿಯ ಕೆಳಗೆ ಬಾಯಿ ತೆರೆದು ನಿಂತಿದ್ದ. ಹುಸೇನರು ಗಾಬರಿಯಿಂದ ಕ್ಲಾರಿಯೋನೆಟ್ಟನ್ನು ಬಾಯಿಂದ ತೆಗೆದರು. ಮತ್ತೆ ಹರವೆಯೇ ಆಯಿತೆಂದುಕೊಂಡಿರಬೇಕು. ಜನರೆಲ್ಲ ವೃಷಭೇಂದ್ರಪ್ಪನವರ ಮುಖ ನೋಡಿದರು.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಬಾಸಿಂಗ ಕಂಡಿತು. ಮದುವೆಗಂಡು ಹೊಸ ಮೆಟ್ಟು ಕೈಯಲ್ಲಿ ಹಿಡಿದು, ಪಂಚೆ ಎತ್ತಿಕೊಂಡು ಒಬ್ಬನೇ ಬರುತ್ತಿದ್ದ. ಬಂದವನೇ ಏದುಸಿರು ಬಿಡುತ್ತ, “ಯಾಕ ನಿಲ್ಸ್ಬುಟ್ರಿ? ನಂಗ ಸರ್ಯಾಗಿ ಕೇಳ್ನೇ ಇಲ್ಲ,” ಎಂದ.

ವೃಷಭೇಂದ್ರಪ್ಪನವರು ಈ ಸಲ ನಿಜವಾಗಿಯೂ ಗಡಿಯಾರ ನೋಡಿದರು. ಮುಹೂರ್ತಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಜಗಲಿ ಹತ್ತಿ, ಅಜ್ಜಿಯ ಪಕ್ಕದಲ್ಲಿ ಕೂತು, ಹುಸೇನರನ್ನು ನೋಡದೆ ಕಂಬ ನೋಡುತ್ತ ಹೇಳಿದರು: “ಅವತ್ತು ಬಾವಿ ತಾವ್ ಅರ್ಧಕ್ಕ ನಿಂತೋಯ್ತಲ್ಲ, ಅದ್ನ ಪೂರ್ತಿ ಮಾಡಿ ಸಾಬ್ರೇ. ಎಲ್ಡ್ ವರ್ಷದಿಂದ ತಲೇಲೇ ಕೂತದ.”

“ನಿಲ್ಸುದೋರು ಯಾರಪ್ಪ?” ಎಂದರು ಅಜ್ಜಿ.

“ನಾನೇ ಕಣಜ್ಜಿ, ಈಗ ಸುಮ್ಕಿರಿ.”

ಹುಸೇನರು ಪೂರ್ತಿ ಮಾಡಿದರು. ಧಾರೆ ಸರಿಯಾದ ಗಳಿಗೆಯಲ್ಲೇ ಆಯಿತು. ಗಟ್ಟಿಮೇಳವನ್ನು ಓಲಗದವರೇ ಬಾರಿಸಿದರು, ಇನ್ನೂ ಸ್ವಲ್ಪ ಏದುತ್ತ. ಉಗಾದಿ ಕಳೆದು ಬಂದ ಮೈಸೂರಿನ ಮಾಸ್ತರನಿಗೆ ಹಫೀಜಾ ಬಾಗಿಲಲ್ಲೇ ಹೇಳಿದರಂತೆ: “ಪಾತ್ರೆ ಇದ್ರೆ ಕೊಡಿ, ಕಲಾಯಿ ಹಾಕ್ಕೊಡ್ತಾರೆ. ವಾದ್ಯ ಇಲ್ಲ.”

ಕಳೆದ ತಿಂಗಳು ಗುಂಡ್ಲುಪೇಟೆಯ ಹತ್ತಿರ ಒಂದು ಮದುವೆಗೆ ಹೋಗಿದ್ದೆ. ಜಗಲಿಯ ಮೇಲೆ ಹುಸೇನರ ಸೆಟ್ ಕೂತಿತ್ತು. ಈಗ ಸುತ್ತಿನ ಎಲ್ಲ ಊರುಗಳಲ್ಲೂ ಹಾಗೆಯೇ. ಪಕ್ಕದಲ್ಲಿದ್ದ ರಾಚಯ್ಯ ಎಂಬ ಹಿರಿಯರನ್ನು, ಇದೇಕೆ ಹೀಗೆ ಎಂದು ಬೇಕೆಂದೇ ಕೇಳಿದೆ.

ಅವರು ನನ್ನ ಅಜ್ಞಾನಕ್ಕೆ ಮರುಗಿದರು. “ಓದ್ದೋರ್ಗ ಇದೆಲ್ಲ ಎಲ್ಲಿ ಗೊತ್ತಾದ್ದು! ನಮ್ಮ ಮುತ್ತಾತ್ನ ಕಾಲ್ದಿಂದ ಇಂಗೇ. ವಾದ್ಯ ಬಾಗ್ಲ ಒಸ್ಲು ಬುಟ್ಟು ಓಗ್ಬಾರ್ದು, ಶಾಸ್ತ್ರ ಅದು.”

ನಾನು ಬಾಯಿ ತೆರೆದೆ. ಜಗಲಿಯ ಮೇಲಿಂದ ಹುಸೇನರು ಕಪ್ಪು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಸುಮ್ಮನಿರಿ ಎಂಬಂತೆ ಕಣ್ಣು ಹೊಡೆದರು. ಆಮೇಲೆ ಮಂಡಿಯೂರಿದರು. ಬೀದಿಯ ಆ ತುದಿಯಲ್ಲಿ ಮೆರವಣಿಗೆ ಓಡತೊಡಗಿತು.