ಸೆರಗಿಗೆ ಬಂದ ಬಾಸ್

ಅತ್ತೆ, ಆ ಮೀನನ್ನು ಹಿಡಿದದ್ದು ನಾನಲ್ಲ, ನೀವು. ಇದು ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಐದು ವರ್ಷದಿಂದ ಕಂಡಕಂಡವರಿಗೆಲ್ಲ ನಿಮ್ಮ ಅಳಿಯನಾದ ನಾನು ಹೇಳಿಕೊಂಡು ಬಂದದ್ದು ಬೇರೆ — ಅದು ಸುಳ್ಳು.

ನೀವು ಕುಂದಾಪುರದಿಂದ ಕಡಲಾಚೆ ಕೆನ್ಮೋರ್‌ನ ನಮ್ಮ ಮನೆಗೆ ಆರು ತಿಂಗಳಿಗೆಂದು ಬಂದ ಬೇಸಿಗೆ ಅದು. ಗ್ಲೆನ್ ಎಂಬ ಹಿರಿಯರ ಫಾರ್ಮಿನ ಕೆರೆಗೆ ನಾನು ಎರಡು ವರ್ಷದಿಂದ ಗಾಳ ಹಾಕಲು ಹೋಗುತ್ತಿದ್ದೆ. ಬ್ಲೂಗಿಲ್ — ಬಾಣಲೆಗೆ ಸರಿಯಾಗಿ ಕೂರುವ ಅಂಗೈಯಗಲದ ಮೀನು — ಬೇಕಾದಷ್ಟು ಸಿಗುತ್ತಿತ್ತು. ಆ ಬ್ಲೂಗಿಲ್‌ಗಳನ್ನೇ ನುಂಗಿ ಬೆಳೆಯುವ ದೊಡ್ಡ ಬಾಯಿಯ ಮೀನು, ಬಾಸ್, ಮಾತ್ರ ಒಂದೂ ಇಲ್ಲ. ಪೇಟೆಯ ಡೆನ್ನಿ ಟ್ರಯಾಂಗಲ್‌ನಲ್ಲಿರುವ ನಮ್ಮ ಆಫೀಸಿನಲ್ಲಿ ಸೋಮವಾರ ಬಂತೆಂದರೆ ಎಲ್ಲರಿಗೂ ನಾನೇ ಗೇಲಿಯ ವಸ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಗಾಳದ ರಾಡ್ ಬದಲಿಸಿದೆ, ದಾರ ಸುತ್ತುವ ರೀಲ್ ಬದಲಿಸಿದೆ, ಕೊನೆಗೆ ಟೋಪಿಯನ್ನೂ ಬದಲಿಸಿದೆ.

ಆ ಶನಿವಾರ ನಿಮ್ಮ ಮಗಳು ಸುಮನಾ ಫಾರ್ಮಿನ ಆ ತುದಿಯಲ್ಲಿ ರಾಸ್‌ಬೆರಿ ಕೀಳುತ್ತಿದ್ದಳು. ನಿಮಗೆ ಬೇಜಾರಾಗದಿರಲಿ ಎಂದು ನನ್ನ ಹಳೆಯ ರಾಡ್ ಕೊಟ್ಟೆ. ನನ್ನ ಪ್ಲಾಸ್ಟಿಕ್ ಹುಳುಗಳನ್ನು ನೀವು ಮುಟ್ಟಲೂ ಇಲ್ಲ. ಡಬ್ಬಿಯಲ್ಲಿದ್ದ ಚಪಾತಿಯನ್ನು ನೀರು ಹಾಕಿ ನಾದಿ, ಉಂಡೆ ಮಾಡಿ ಗಾಳಕ್ಕೆ ಸಿಕ್ಕಿಸಿದಿರಿ. ನಾನು ನಕ್ಕೆ. ನಗು ಮುಗಿಯುವುದರೊಳಗೆ ಬ್ಲೂಗಿಲ್ ಒಂದು ಕಚ್ಚಿತ್ತು.

"ರೀಲ್ ಸುತ್ತಿ ಅತ್ತೆ, ಬೇಗ ಸುತ್ತಿ!" ಎಂದು ಕೂಗಿದೆ.

"ಸುಮ್ಮನಿರಿ ಮಾರಾಯ್ರೆ. ಹಿಂದೆ ದೊಡ್ಡದು ಉಂಟು."

ನೀವು ಸುತ್ತಲಿಲ್ಲ. ಚಿಕ್ಕ ಮೀನು ಒದ್ದಾಡಲಿ ಎಂದು ಬಿಟ್ಟು ನಿಂತಿರಿ. ಚಿಕ್ಕಂದಿನಲ್ಲಿ ಗದ್ದೆ ಬದಿಯ ಮದಗದಲ್ಲಿ ಅಣ್ಣಂದಿರ ಜೊತೆ ಮೀನು ಹಿಡಿದ ಕಥೆ ಎಷ್ಟು ಸಲ ಹೇಳಿದ್ದಿರಿ! ನಾನು ಹೂಂಗುಟ್ಟಿದ್ದೆ ಅಷ್ಟೆ, ನಂಬಿರಲಿಲ್ಲ. ಆಗಲೇ ನೀರು ಸೀಳಿ ಬಾಸ್ ಮೇಲೆದ್ದು ಆ ಬ್ಲೂಗಿಲ್ಲನ್ನು ಬಾಯಿಗೆ ಹಾಕಿಕೊಂಡಿತು. ರಾಡ್ ಬಿಲ್ಲಿನಂತೆ ಬಾಗಿತು. ನೀವು ಜಗ್ಗಲಿಲ್ಲ, ಬಿಡಲೂ ಇಲ್ಲ — ಅಷ್ಟಷ್ಟೇ, ಅಷ್ಟಷ್ಟೇ ದಡಕ್ಕೆ ತಂದಿರಿ. "ಬಲೆ ತನ್ನಿ!" ಅಂದಿರಿ. ನಾನೋ, ಬಲೆಯನ್ನು ಕೈಯಲ್ಲೇ ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದೆ. ನೀವು ಸೊಂಟದವರೆಗೂ ನೀರಿಗಿಳಿದು, ಸೆರಗಿನಲ್ಲಿ ಮೀನನ್ನು ಸುತ್ತಿ, ಎದೆಗವಚಿಕೊಂಡು ಮೇಲೆ ಬಂದಿರಿ.

"ಬಂತು! ಬಂತು ನೋಡಿ!"

ಅತ್ತೆ, ಎಂಥ ಗೆಲುವು ಅದು! ಆ ನಗು ಈಗ ನೆನಪಾದರೂ ನನ್ನ ಮೈ ಜುಮ್ಮೆನ್ನುತ್ತದೆ. ನೀವು ಅಷ್ಟು ದೊಡ್ಡದಾಗಿ ನಗುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೆಯೂ...

"ಕೊಡಿ ಅತ್ತೆ, ಒಂದು ಫೋಟೋ ತೆಗೆಯೋಣ," ಅಂದೆ. ಮೀನನ್ನು ಇಸಿದುಕೊಂಡೆ. ಆ ಹೊತ್ತಿಗೆ ಗ್ಲೆನ್ ನಡೆದು ಬಂದರು, ಯಾರು ಹಿಡಿದದ್ದು ಎಂದು ಕೇಳಿದರು.

"ನಾನೇ," ಎಂದೆ, ಇಂಗ್ಲಿಷಿನಲ್ಲಿ.

ಮೂವತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ಟೀಚರ್ ನೀವು. ಪಕ್ಕದಲ್ಲೇ ನಿಂತು ಸೆರಗು ಹಿಂಡುತ್ತಲೇ ಇದ್ದಿರಿ. ಆ ಕೆರೆಯ ನಿಯಮದಂತೆ ಬಾಸನ್ನು ನೀರಿಗೆ ಬಿಟ್ಟೆವು. ಉಳಿದದ್ದು ಮೀನನ್ನು ಎತ್ತಿ ಹಿಡಿದ ನನ್ನ ಫೋಟೋ ಒಂದೇ, ಗ್ಲೆನ್ ತೆಗೆದದ್ದು. ಅದರ ಮೂಲೆಯಲ್ಲಿ ನಿಮ್ಮ ಬಳೆಯ ಕೈ ಬಿದ್ದಿತ್ತು — ಅದನ್ನು ಕತ್ತರಿಸಿ ಆಫೀಸಿನ ಗ್ರೂಪಿಗೆ ಕಳಿಸಿದೆ.

ಅಂದು ಸಂಜೆ ನೀವು ನಿಮ್ಮ ಅಕ್ಕನಿಗೆ ಫೋನ್ ಮಾಡಿದಿರಿ. "ನಮ್ಮ ಅಳಿಯ ಇವತ್ತು ಎಷ್ಟು ದೊಡ್ಡ ಮೀನು ಹಿಡಿದ್ರು ಗೊತ್ತುಂಟಾ ಅಕ್ಕ? ನಾನು ಸುಮ್ಮನೆ ದಡದಲ್ಲಿ ಕೂತಿದ್ದೆ." ಅಳಿಯನ ಮಾತು ಸುಳ್ಳಾಗಬಾರದು, ಅವನ ಮರ್ಯಾದೆ ನೆಂಟರ ಮುಂದೆ ಹೋಗಬಾರದು — ನಿಮ್ಮ ಲೆಕ್ಕ ಅದು. ನಾನು ಅಡುಗೆಮನೆಯಲ್ಲಿ ಕಾಫಿ ಲೋಟ ಹಿಡಿದು ಎಲ್ಲ ಕೇಳಿಸಿಕೊಂಡೆ. ಎರಡು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಇಡಲಿಲ್ಲ.

ಕಳೆದ ಭಾನುವಾರ ಅದೇ ಕೆರೆಯ ದಡದಲ್ಲಿ, ಇನ್ನು ತಡೆಯಲಾರದೆ, ಸುಮನಾಳ ಎದುರಿಗೇ ಗ್ಲೆನ್‌ಗೆ ಹೇಳಿಬಿಟ್ಟೆ. ಅವರು ಆಶ್ಚರ್ಯಪಡಲಿಲ್ಲ. "ಗೊತ್ತಿತ್ತು. ಅವತ್ತು ನಿನ್ನ ಅಂಗಿ ಒಂದು ಹನಿಯೂ ಒದ್ದೆಯಾಗಿರಲಿಲ್ಲ," ಅಂದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಕಥೆ ನನ್ನದು. ಮನೆ ಬಂದ ಮೇಲೆ ಸುಮನಾ, "ಇದನ್ನ ಅಮ್ಮಂಗೆ ಹೇಳಿ, ನಂಗಲ್ಲ," ಅಂದಳು.

ಸೋಮವಾರ ಆಫೀಸಿನಲ್ಲೂ ಹೇಳಿದೆ. ಚಪಾತಿ, ಸೆರಗು, ಒಂದನ್ನೂ ಬಿಡಲಿಲ್ಲ. ಎಲ್ಲರೂ ಕುರ್ಚಿ ಬಿಟ್ಟೆದ್ದು ನಿಮಗೆ ಚಪ್ಪಾಳೆ ತಟ್ಟಿದರು. ನನ್ನ ಹೆಸರಿನಲ್ಲಿದ್ದಾಗ ಆ ಮೀನಿಗೆ ಅಂಥ ಚಪ್ಪಾಳೆ ಬಿದ್ದಿರಲಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು.

ಇವತ್ತು ಸಂಜೆ ನಿಮ್ಮ ಅಕ್ಕನಿಗೆ ನಾನೇ ಫೋನ್ ಮಾಡುತ್ತೇನೆ. ಆಮೇಲೆ ಅವರು ನಿಮಗೆ ಮಾಡಿಯೇ ಮಾಡುತ್ತಾರೆ. ಆಗ ದಯವಿಟ್ಟು ನನ್ನ ಮಾನ ಕಾಯಲು ಹೋಗಬೇಡಿ ಅತ್ತೆ. ಹಿಡಿದದ್ದು ಯಾರು ಎಂದು ಕೇಳಿದರೆ, ‘ನಾನೇ’ ಎಂದು ಹೇಳಿ.