ಇಸ್ತ್ರಿ ಅಕ್ಕನ ಬಲಭುಜ

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಹುಡುಗಿಯಾಗಿದ್ದಾಗ ಹಿಡಿದ ಇಸ್ತ್ರಿಪೆಟ್ಟಿಗೆಯನ್ನು ತಲೆ ನರೆತರೂ ಕೆಳಗಿಟ್ಟವಳಲ್ಲ. ಹೋಟೆಲುಗಳಿಂದ ಬರುವ ದಪ್ಪ ಹಾಸುಗಳನ್ನು ಒಂದೇ ಎಳೆತಕ್ಕೆ ಮೇಜಿನ ಮೇಲೆ ಹರಡಿ, ಸುಕ್ಕು ಅಡಗುವವರೆಗೆ ಒತ್ತುವಳು. ಗಂಡ ಇನ್ನೊಬ್ಬಳ ಹಿಂದೆ ಹೋದಾಗಲೂ ರಜೆ ಹಾಕಲಿಲ್ಲ. ಕೇಳಿದವರಿಗೆ, ಇಸ್ತ್ರಿ ಮಾಡಲು ಒಂದು ಅಂಗಿ ಕಮ್ಮಿಯಾಯಿತು ಎಂದು ನಕ್ಕು ಬಾಯಿ ಮುಚ್ಚಿಸಿದ್ದಳು.

ಅವನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋದ ಮೇಲೆ, ಆ ಇನ್ನೊಬ್ಬಳು ಬಾಡಿಗೆ ಕಾರಿನಲ್ಲಿ ತಂದು ಇಸ್ತ್ರಿ ಅಕ್ಕನ ಬಾಗಿಲಲ್ಲಿ ಇಳಿಸಿ ಹೋದಳು. ಇವಳು ಬೇಡ ಎನ್ನಲಿಲ್ಲ. ನೆರೆಹೊರೆಯವರು ದೊಡ್ಡ ಮನಸ್ಸು ಎಂದು ಹೊಗಳಿದರು. ಆ ಹೊಗಳಿಕೆಯೇ ಅವಳ ಬಾಯಿ ಕಟ್ಟಿತು. ಬೆಳಿಗ್ಗೆ ಎತ್ತಿ ಕೂರಿಸುವುದು, ಮೈ ಒರೆಸುವುದು, ಸಂಜೆ ಮತ್ತೆ ಎತ್ತಿ ಮಗ್ಗುಲು ಬದಲಿಸುವುದು. ಇಬ್ಬರ ನಡುವೆ ಮಾತಿಲ್ಲ.

ವರ್ಷ ತುಂಬುವ ಮೊದಲೇ ಅವಳ ಬಲಭುಜ ಹಿಡಿದುಕೊಂಡಿತು. ಬಾಚಣಿಗೆ ತಲೆಗೆ ಮುಟ್ಟದು, ಆ ಮಗ್ಗುಲಲ್ಲಿ ಮಲಗಿದರೆ ನಿದ್ದೆಯಿಲ್ಲ. ಡಾಕ್ಟರು ಕೀಲು ಬಿಗಿದುಕೊಂಡಿದೆ, ದುಡಿತ ಹೆಚ್ಚಾಗಿದೆ ಎಂದು ವ್ಯಾಯಾಮ ಮಾಡಿಸುವವಳ ಹತ್ತಿರ ಕಳಿಸಿದರು.

ಆಕೆ ತೋಳನ್ನು ಮೆಲ್ಲಗೆ ಎತ್ತುತ್ತ, ಮನೆಯಲ್ಲಿ ಯಾರಿದ್ದಾರೆಂದು ವಿಚಾರಿಸಿದಳು. ಲಕ್ವ ಹೊಡೆದು ಎಡಭಾಗ ಬಿದ್ದ ಗಂಡ ಎಂದದ್ದೇ ತಡ, ಇಸ್ತ್ರಿ ಅಕ್ಕನ ಭುಜ ಕಿವಿಯವರೆಗೆ ಏರಿ ಕಲ್ಲಾಯಿತು.

"ಅವರನ್ನ ಎತ್ತುವಾಗ ಹೇಗಿರುತ್ತೆ ಅಕ್ಕಾ?"

ಅವಳು ಗೋಡೆ ನೋಡಿದಳು. "ಹಲ್ಲು ಕಚ್ಚಿಕೊಂಡೇ ಎತ್ತೋದು. ಭಾರಕ್ಕಲ್ಲ. ಕೈಬಿಟ್ಟುಬಿಡೋಣ ಅನ್ಸುತ್ತೆ, ಅದಕ್ಕೆ."

ಆಕೆ ಬೈಯಲಿಲ್ಲ, ಸಮಾಧಾನದ ಮಾತನ್ನೂ ಆಡಲಿಲ್ಲ. ಕೀಲೇನೋ ದುಡಿದು ಬಿಗಿದಿದೆ, ಅದರ ಮೇಲೆ ದಿನವಿಡೀ ಹೀಗೆ ಬಿಗಿಹಿಡಿದರೆ ಅದು ಸಡಿಲವಾಗುವುದು ಯಾವಾಗ? ಒಬ್ಬರೇ ಎತ್ತಬೇಡಿ, ಅವರ ಬಲಗೈ ಗಟ್ಟಿಯಿದೆಯಲ್ಲ ಎಂದಳು.

ಅಂದು ಸಂಜೆ ಇಸ್ತ್ರಿ ಅಕ್ಕ ಮಂಚದ ಪಕ್ಕ ನಿಂತು ಗಂಡನಿಗೆ ಹೇಳಿದಳು: "ನೀವು ಮಾಡಿದ್ದನ್ನ ನಾನು ಮರೆತಿಲ್ಲ. ಮರೀತೀನಿ ಅಂತಲೂ ಅನ್ಕೋಬೇಡಿ. ಇನ್ಮೇಲೆ ಈ ಕಂಬಿ ಹಿಡ್ಕೊಂಡು ನೀವೂ ಏಳಬೇಕು."

ಅವನ ಓರೆ ತುಟಿ ಅಲುಗಿತು. ಅವನು ಬಲಗೈ ಚಾಚಿ ಮಂಚದ ಕಂಬಿ ಹಿಡಿದ. ಅವಳು ಬೆನ್ನಿಗೆ ಎಡಗೈ ಕೊಟ್ಟಳು.

ಚಳಿಗಾಲ ಮುಗಿಯುವ ಹೊತ್ತಿಗೆ ನಿದ್ದೆಗೆಡಿಸುವ ನೋವು ಇಳಿಯಿತು. ತೋಳು ಮಾತ್ರ ಪೂರ್ತಿ ಮೇಲೇರಲೇ ಇಲ್ಲ. ಅವಳ ಇಸ್ತ್ರಿ ಮೇಜು ಬೇರೊಬ್ಬಳ ಪಾಲಾಯಿತು. ಈಗ ಲಾಂಡ್ರಿಯ ಮೂಲೆಯಲ್ಲಿ ಕೂತು ಕರವಸ್ತ್ರ ಮಡಿಸುತ್ತಾಳೆ. ಮನೆಯಲ್ಲೂ ಮಾತು ಅಷ್ಟೇನೂ ಬೆಳೆದಿಲ್ಲ. ಮೈ ಒರೆಸುವಾಗ ನೀರು ಹೆಚ್ಚು ಬಿಸಿಯಾಯಿತೇ ಎಂದು ಕೇಳುತ್ತಾಳೆ, ಅವನು ತಲೆ ಆಡಿಸುತ್ತಾನೆ.